ಹತ್ತಿಯಣ್ಣನ ಮೆತ್ತನೆಯ ಹಾಸಿಗೆ

ಹತ್ತಿಯಣ್ಣ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನ ಹೆಂಡತಿ ಎಲ್ಲೂ ಇಲ್ಲದಂಥ ಒಂದು ಹಾಸಿಗೆ ಹಾಸಿಟ್ಟಿದ್ದಳು. ಹಾಸಿಗೆ ಹೊಲಿಯುವವರ ಮನೆಯಲ್ಲಿ ಪ್ರೀತಿ ತೋರಿಸುವ ಬಗೆಯೇ ಅದು. ಬೇರೆಯವರು ಹಣ್ಣು ತರುತ್ತಾರೆ, ಇವರು ಹತ್ತಿ ತುಂಬುತ್ತಾರೆ. ಅದೂ ಎಂಥ ಹತ್ತಿ! ಹೊಸದಾಗಿ ಹಿಂಜಿ, ಬಿಸಿಲಿನಲ್ಲಿ ಕಾಯಿಸಿ, ಇಬ್ಬರ ಹಾಸಿಗೆಗೆ ಆಗುವಷ್ಟನ್ನು ಒಬ್ಬನ ಹಾಸಿಗೆಗೆ ತುಂಬಿದ್ದಳು. ಹತ್ತಿಯಣ್ಣ ಮಲಗಿದನೋ ಇಲ್ಲವೋ, ಮೂಗಿನ ತುದಿ ಬಿಟ್ಟು ಉಳಿದದ್ದೆಲ್ಲ ಒಳಗೆ ಹೋಯಿತು.

ಕರುಳಿನ ಒಂದು ತುಂಡು ಕೆಟ್ಟಿದೆ ಎಂದು ಡಾಕ್ಟರು ಹೊಟ್ಟೆ ಕುಯ್ದು, ಅದನ್ನು ತೆಗೆದು, ಉಳಿದ ತುದಿಗಳನ್ನು ಜೋಡಿಸಿ ಹೊಲಿದಿದ್ದರು. ವಾರ್ಡಿನಲ್ಲಿ ದಿನವೂ ಕೈಹಿಡಿದು ನಡೆಸಿದ್ದರು. ಮನೆಯಲ್ಲೂ ನಡೆಯಬೇಕು ಎಂದು ಹೇಳಿಯೇ ಕಳಿಸಿದ್ದರು. ಹೆಂಡತಿ ಒಪ್ಪಬೇಕಲ್ಲ!

"ಅವರಿಗೇನ್ರೀ, ಮಂಚ ಖಾಲಿಯಾದ್ರೆ ಸಾಕು, ಅದಕ್ಕೇ ನಡೆಸ್ತಾರೆ. ಹಸಿ ಹೊಲಿಗೆ ಇದು. ಹೊಸ ಹೊಲಿಗೆ ಮೇಲೆ ಯಾರಾದ್ರೂ ಕುಣೀತಾರಾ? ಸುಮ್ನೆ ಮಲ್ಕೊಳ್ಳಿ."

ಹತ್ತಿಯಣ್ಣನಿಗೂ ಅದೇ ಬೇಕಿತ್ತು. ಜೀವಮಾನವೆಲ್ಲ ಹೊಲಿಗೆ ಹಾಕಿದವನು, ಎಳೆದರೆ ಎಲ್ಲಿ ಬಿಚ್ಚುತ್ತದೆ ಎಂಬುದು ಅವನಿಗೆ ಗೊತ್ತು. ಕೆಮ್ಮಿದರೆ ಎಲ್ಲಿ ಹೊಟ್ಟೆಯ ಹೊಲಿಗೆ ಪಟಪಟ ಬಿಚ್ಚಿಕೊಳ್ಳುತ್ತದೋ ಎಂದು ಹೆದರಿ, ಬಂದ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದ.

ಹೀಗೆ ದಿನಗಳು ಎಚ್ಚರವೋ ನಿದ್ದೆಯೋ ತಿಳಿಯದಂತೆ ಕರಗಿದವು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಅಂಗಳದಾಚೆಯ ಕೆಲಸದ ಕೋಣೆಯಿಂದ ಹೆಂಡತಿ ಹತ್ತಿ ಹಿಂಜುವ ಬಿಲ್ಲಿನ ಸದ್ದು ಝೇಂಗುಟ್ಟುತ್ತ ಬರುತ್ತಿತ್ತು. ಕಣ್ಣು ಮುಚ್ಚಿದರೆ ಅವನೂ ಒಂದು ಎಳೆಯಾಗಿ ಮೇಲೇಳುತ್ತಿದ್ದ. ಕಿಟಕಿ ದಾಟಿ, ಅಂಗಳ ದಾಟಿ, ಕೆಲಸದ ಕೋಣೆಯ ಸೂರಿನಡಿ ತೇಲುತ್ತಿದ್ದ. ಕೆಳಗೆ, ಗೋಡೆಯ ಹಾಗೆ ನಿಲ್ಲಿಸಿದ ದೊಡ್ಡದೊಂದು ಹಾಸಿಗೆ. ಅಂಥದ್ದನ್ನು ಹೊಲಿಯಲು ಇಬ್ಬರು ಬೇಕು. ಈ ಬದಿಯಿಂದ ಒಬ್ಬರು ಉದ್ದನೆಯ ದಬ್ಬಣ ಚುಚ್ಚಿ ಕಳಿಸಬೇಕು, ಆ ಬದಿಯಲ್ಲಿ ಇನ್ನೊಬ್ಬರು ಎಳೆದು, ಬಿಗಿದು, ವಾಪಸ್ ಕಳಿಸಬೇಕು. ಕನಸಿನಲ್ಲಿ ಹೆಂಡತಿ ದಬ್ಬಣ ಕಳಿಸುತ್ತಲೇ ಇದ್ದಳು. ಆ ಬದಿಯಲ್ಲಿ ಯಾರೂ ಇರಲಿಲ್ಲ. "ಬಂದೆ, ತಾಳೇ" ಎನ್ನಲು ಅವನು ಬಾಯಿ ತೆರೆದರೆ ಬಾಯಿ ತುಂಬ ಹತ್ತಿ.

ಒಂದು ಮಧ್ಯಾಹ್ನ ಬೆಚ್ಚಿ ಎಚ್ಚತ್ತವನು ಒಬ್ಬನೇ ಕೆಳಗಿಳಿಯಲು ಹೋದ. ನೆಲಕ್ಕೆ ತಾಗಿದ್ದೇ ತಡ, ಕಾಲುಗಳು ಥರಥರ ನಡುಗಿ ಮಡಚಿಕೊಂಡವು. ಹೆಂಡತಿ ಓಡಿಬಂದು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದ.

"ನೋಡಿದ್ರಾ? ಮೈಯಲ್ಲಿ ಇನ್ನೂ ಶಕ್ತಿ ಬಂದಿಲ್ಲ!" ಎಂದು ಬೈದವಳು, ಸಂಜೆಯೊಳಗೆ ಹಾಸಿಗೆಗೆ ಇನ್ನೊಂದು ಪದರ ಹತ್ತಿ ಸೇರಿಸಿದಳು. ಏನು ಹೇಳೋಣ ಇಂಥ ಪ್ರೀತಿಗೆ!

ಹತ್ತಿಯಣ್ಣನಿಗೆ ಮಾತ್ರ ನಿಜ ಗೊತ್ತಾಗಿತ್ತು. ಶಕ್ತಿ ಬರುತ್ತಿಲ್ಲ, ಹೋಗುತ್ತಿದೆ. ಇನ್ನು ಆ ಅಂಗಳವನ್ನೂ ದಾಟಲಾರೆನೇನೋ, ಹೊಲಿಯುವ ಹಾಸಿಗೆಯ ಆ ಬದಿ ಖಾಲಿಯೇ ಉಳಿಯುತ್ತದೇನೋ ಎಂದು ಅಳು ಬಂತು. ಅಳುವುದಕ್ಕೂ ಹೊಲಿಗೆಯ ಭಯ.

ಮಾರನೆಯ ದಿನ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಸಿಸ್ಟರ್ ಬಂದರು. ಗಾಯ ನೋಡಿದರು. ಮೀನಖಂಡ ಮುಟ್ಟಿ ನೋಡಿದರು. ಆಮೇಲೆ ಹಾಸಿಗೆಯನ್ನೂ ಒತ್ತಿದರು. ಕೈ ಮೊಣಕೈವರೆಗೆ ಒಳಗೆ ಹೋಯಿತು.

"ಗಾಯ ಚೆನ್ನಾಗಿ ಒಣಗ್ತಿದೆ. ತೊಂದರೆ ಇರೋದು ಇಲ್ಲಿ," ಎಂದರು.

ಹೆಂಡತಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ಹಾಸಿಗೆಗೆ ಇವತ್ತಿನವರೆಗೂ ಯಾರೂ ಹೆಸರಿಟ್ಟಿಲ್ಲ ಸಿಸ್ಟರ್!"

"ಅಯ್ಯೋ, ಹೆಸರಿಡ್ತಿಲ್ಲ ಅಕ್ಕ. ಒಂದು ಮಾತು ಕೇಳ್ತೀನಿ. ಇಂಥ ಹಾಸಿಗೇನ ಬಿಸಿಲಿಗೆ ಹಾಕದೆ, ಮಗುಚದೆ ಹಾಗೇ ಬಿಟ್ರೆ ಏನಾಗುತ್ತೆ?"

"ಇನ್ನೇನಾಗುತ್ತೆ, ಹತ್ತಿ ಗಂಟು ಕಟ್ಟುತ್ತೆ. ಆಗಾಗ ಮಗುಚ್ತಾ ಇರಿ ಅಂತ ಕೊಳ್ಳೋರಿಗೆಲ್ಲ ಹೇಳೇ ಕಳಿಸ್ತೀವಿ."

"ಮತ್ತೆ ಅಣ್ಣನ್ನ ಮಗುಚಿದ್ರಾ?"

ಹೆಂಡತಿ ಹತ್ತಿಯಲ್ಲಿ ಮುಳುಗಿದ್ದ ಗಂಡನ ಕಡೆ ತಿರುಗಿದಳು.

"ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು," ಸಿಸ್ಟರ್ ಮೆಲ್ಲಗೆ ಹೇಳಿದರು. "ಎದೇಲಿ ಕಫ ಕಟ್ಟುತ್ತೆ. ಕರುಳೂ ಸೋಮಾರಿ ಆಗಿ ಹೊಟ್ಟೆ ಉಬ್ಬರಿಸುತ್ತೆ. ಕಾಲಿನ ಶಕ್ತಿಯಂತೂ ದಿನದಿನಕ್ಕೂ ಸೋರಿ ಹೋಗುತ್ತೆ."

"ಹೊಲಿಗೆ ಬಿಚ್ಚಿದ್ರೆ?" ಹತ್ತಿಯಣ್ಣನ ದನಿ ಹತ್ತಿಯೊಳಗಿಂದ ಬಂತು.

"ಮೆಲ್ಲಗೆ ನಡೆಯೋದರಿಂದ ಬಿಚ್ಚಲ್ಲ ಅಣ್ಣ. ಇದು ಬಟ್ಟೆ ಅಲ್ಲ, ಒಳಗಿಂದ ಮಾಂಸ ತಾನೇ ಕೂಡಿಕೊಳ್ತಾ ಬರುತ್ತೆ. ಭಾರ ಎತ್ತಬಾರದು, ತಿಣುಕಬಾರದು, ಅಷ್ಟೆ. ಕೆಮ್ಮು ಬಂದ್ರೆ ನುಂಗಬೇಡಿ. ಒಂದು ಗಟ್ಟಿ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೆಮ್ಮಿ."

"ಗಟ್ಟಿ ದಿಂಬಾ? ನಮ್ಮನೇಲಾ?" ಎಂದು ಹೆಂಡತಿ ನಕ್ಕೇಬಿಟ್ಟಳು. ಎಸೆಯಲೆಂದು ಇಟ್ಟಿದ್ದ ಗಂಟು ಕಟ್ಟಿದ ಹಳೆಯ ಹತ್ತಿಯನ್ನು ತುಂಬಿ, ಅಲ್ಲೇ ಕೂತು ಒಂದು ಪುಟ್ಟ ದಿಂಬು ಹೊಲಿದಳು.

ಸಿಸ್ಟರ್ ಏಳುವುದನ್ನು ಕಲಿಸಿದರು. ನೇರ ಎದ್ದು ಕೂರಬಾರದು. ಮೊದಲು ಪಕ್ಕಕ್ಕೆ ಹೊರಳಬೇಕು, ಕಾಲು ಕೆಳಗೆ ಬಿಡಬೇಕು, ಕೈ ಊರಿ ನಿಧಾನಕ್ಕೆ ಏಳಬೇಕು. ಹತ್ತಿಯಣ್ಣ ಎದ್ದ. ತಲೆ ತಿರುಗಿತು, ಸ್ವಲ್ಪ ಕೂತ, ಮತ್ತೆ ಎದ್ದ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಅಣ್ಣ, ನೀವು ಶಕ್ತಿ ಇದ್ದಷ್ಟೇ ನಡೀರಿ. ಇವತ್ತು ಬಾಗಿಲವರೆಗೆ, ಅಕ್ಕನ ಕೈ ಹಿಡ್ಕೊಂಡು. ಸುಸ್ತಾದ್ರೆ ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡೀರಿ. ಊಟ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಇರಲಿ. ಜ್ವರ ಬಂದ್ರೆ, ಗಾಯ ಕೆಂಪಾದ್ರೆ ಅಥವಾ ಕೀವು ಬಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ವಾಂತಿ ನಿಲ್ಲದಿದ್ರೆ, ಹೊಟ್ಟೆ ಉಬ್ಬಿ ಗಾಳಿ, ಮಲ ಎರಡೂ ಹೋಗದಿದ್ರೆ, ಕಾಲು ಊದಿ ನೋವಾದ್ರೆ, ಉಸಿರು ಸಿಕ್ಕಿಕೊಂಡ್ರೆ, ಕಾಯ್ತಾ ಕೂರಬೇಡಿ. ಆಸ್ಪತ್ರೆಗೆ ಬಂದುಬಿಡಿ."

ಮೊದಲು ಬಾಗಿಲು. ಆಮೇಲೆ ಹೊಸ್ತಿಲು. ಒಂದು ಬೆಳಿಗ್ಗೆ ಅವನು ಅಂಗಳಕ್ಕೇ ಕಾಲಿಟ್ಟ. ಕನಸಿನಲ್ಲಿ ಎಷ್ಟು ಸಲ ದಾಟಿದ್ದ ಅಂಗಳ ಅದು! ಆದರೆ ಕನಸಿನ ಅಂಗಳ ಪಾದಕ್ಕೆ ಇಷ್ಟು ಬೆಚ್ಚಗಿರಲಿಲ್ಲ. ಅಂದೇ ಹೊಟ್ಟೆಯಲ್ಲಿ ಕಟ್ಟಿದ್ದ ಗಾಳಿ ದೊಡ್ಡ ಸದ್ದಿನೊಂದಿಗೆ ಹೊರಬಿತ್ತು. "ಇಷ್ಟು ವರ್ಷ ಇದಕ್ಕೆ ಬೈತಿದ್ದೆ, ಇವತ್ತು ಕಿವಿಗೆ ಸಂಗೀತ ಕೇಳಿದ ಹಾಗಾಯ್ತು ನೋಡ್ರೀ," ಎಂದಳು ಹೆಂಡತಿ. ನಗು ತಡೆಯಲಾರದೆ ಅವನು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡ.

ಹುಷಾರಾಯಿತಲ್ಲ ಎಂದು ಒಂದು ದಿನ ಹತ್ತಿಯ ಮೂಟೆಗೇ ಕೈ ಹಾಕಿದ. ಆತುರಗಾರನಿಗೆ ಬುದ್ಧಿ ಮಟ್ಟ!

"ಮುಟ್ಟಿದ್ರೆ ನೋಡಿ! ಭಾರ ಎತ್ತಬಹುದು ಅಂತ ಡಾಕ್ಟರು ಹೇಳಿದ್ರಾ?" ಹೆಂಡತಿ ದಬ್ಬಣ ಹಿಡಿದೇ ಗದರಿದಳು. ಅವನು ಸುಮ್ಮನೆ ಮೂಟೆಗೆ ಒಂದು ಸುತ್ತು ಹಾಕಿ ಬಂದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ತಪಾಸಣೆ ಮಾಡಿ, ಕೂತು ಮಾಡುವ ಹಗುರ ಕೆಲಸ ಮಾಡಬಹುದು ಎಂದರು. ಮರುದಿನ ಹತ್ತಿಯಣ್ಣ ಹೇಳದೆ ಕೇಳದೆ ಅಂಗಳ ದಾಟಿದ. ಕೆಲಸದ ಕೋಣೆಯಲ್ಲಿ ಗೋಡೆಯ ಹಾಗೆ ನಿಂತಿತ್ತು ದೊಡ್ಡ ಹಾಸಿಗೆ. ಆಚೆ ಹೆಂಡತಿ. ಅವನು ಈಚೆ ಸ್ಟೂಲಿನ ಮೇಲೆ ಕೂತ. ಹತ್ತಿಯ ಎಳೆಗಳು ಬಿಸಿಲಿನಲ್ಲಿ ತೇಲುತ್ತಿದ್ದವು. ಬಟ್ಟೆ ಸ್ವಲ್ಪ ಉಬ್ಬಿ, ದಬ್ಬಣದ ತುದಿ ಅವನ ಕಣ್ಣೆದುರಿಗೇ ಹೊರಬಂತು. ಎಳೆದ, ಬಿಗಿದ, ವಾಪಸ್ ಕಳಿಸಿದ.

ಆಚೆ ಬದಿಯಿಂದ ಮೂಗೊರೆಸಿಕೊಂಡ ಸದ್ದು.

"ಇದು ಕನಸಲ್ಲ ತಾನೇ?" ಹೆಂಡತಿ ಕೇಳಿದಳು.

"ಅಲ್ಲ ಕಣೇ. ದಬ್ಬಣ ಕಳಿಸು," ಎಂದ ಹತ್ತಿಯಣ್ಣ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕರುಳಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದರೆ ಹಾಸಿಗೆ ಹಾಸಿಕೊಡಿ, ಬೇಡ ಅನ್ನುವವರು ಯಾರು? ಆದರೆ ಎಷ್ಟು ನಡೆಯಬೇಕು, ಯಾವಾಗ ಭಾರ ಎತ್ತಬಹುದು ಎಂದು ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ ತಿಳಿದುಕೊಳ್ಳಿ. ಆಮೇಲೆ ಹಾಸಿಗೆಯ ಪಕ್ಕದಲ್ಲಿ ನಿಂತು, ಏಳುವುದಕ್ಕೆ ನಿಮ್ಮದೊಂದು ಕೈ ಕೊಡಿ.