ಕಳಿಸಿ ಬರುವ ದೂರ

ಮಂಗಳವಾರ ಎರಡೂವರೆಗೆ ಫಲೇಸಿ ಅಜ್ಜಿಯ ಮನೆ, ಮೂರಕ್ಕೆ ಹೊರಡುವುದು. ಹಾಗಂತ ಲರೇನಮ್ಮನ ಅಡುಗೆಮನೆಯ ಗೋಡೆಯ ಮೇಲೆ ಬರೆದಿತ್ತು. ಸೋಮವಾರ ಬಟ್ಟೆ ಒಗೆಯುವುದು, ಮಂಗಳವಾರ ಆರು ಮನೆಗಳ ಭೇಟಿ, ಬುಧವಾರ ಹೆಂಗಸರಿಗೆ ಓದು ಬರಹ, ಗುರುವಾರ ಗ್ಯಾಸಿಗೂ ಗೋಧಿಹಿಟ್ಟಿಗೂ ಕಸುಂಗು ಪೇಟೆ, ಶುಕ್ರವಾರ ಕೆಟ್ಟ ಬೋರ್‌ವೆಲ್ ಪಂಪುಗಳ ಜೊತೆ ಅವರ ಯಜಮಾನರ ಕುಸ್ತಿ, ಶನಿವಾರ ಪ್ರಾರ್ಥನಾ ಮಂದಿರದ ನೆಲ ಒರೆಸುವುದು, ಭಾನುವಾರ ಮೂರು ಗಂಟೆಯ ಆರಾಧನೆ. ಲೋಕ ಸೃಷ್ಟಿ ಮಾಡುವಾಗ ದೇವರೂ ಇಷ್ಟು ಅಚ್ಚುಕಟ್ಟಾದ ಪಟ್ಟಿ ಇಟ್ಟುಕೊಂಡಿರಲಿಕ್ಕಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತು ದಾಟಿದೆ. ಡೆಲ್ಮರ್ ಅಮೆರಿಕದ ಐಡಹೊದಲ್ಲಿ ನಲವತ್ತು ವರ್ಷ ಹಾಲಿನ ದನ ಸಾಕಿದವರು. ದನಗಳನ್ನು ಮಾರಿ, ಮೊಮ್ಮಕ್ಕಳಿಗೆ ಟಾಟಾ ಹೇಳಿ, ಒಂದೂವರೆ ವರ್ಷ ದೇವರ ಸೇವೆ ಮಾಡುತ್ತೇವೆಂದು ಹೆಂಡತಿಯ ಜೊತೆ ಮಲಾವಿಗೆ, ನಮ್ಮ ಚಿಂಬೊಂಡೊ ಹಳ್ಳಿಗೆ ಬಂದರು. ನಾನು ಚಿಸಾಲೆ, ನಿವೃತ್ತ ಮೇಷ್ಟ್ರು. ಅವರ ಇಂಗ್ಲಿಷನ್ನು ಚಿಚೇವಾಕ್ಕೂ ನಮ್ಮವರ ಚಿಚೇವಾವನ್ನು, ಸ್ವಲ್ಪ ಖಾರ ತೆಗೆದು, ಇಂಗ್ಲಿಷಿಗೂ ದಾಟಿಸುವುದು ನನ್ನ ಕೆಲಸ. ಪಿಕಪ್ಪಿನ ಹಿಂದಿನ ಸೀಟು ನನ್ನದು.

ಆ ಮಂಗಳವಾರ ಫಲೇಸಿ ಅಜ್ಜಿ ಎಂದಿನಂತೆ ಲರೇನಮ್ಮನನ್ನು ಬೈದಳು. ಟೋಪಿ ಇಲ್ಲದೆ ಬಿಸಿಲಲ್ಲಿ ತಿರುಗುತ್ತೀಯಂತೆ, ಜೋಳದ ಮುದ್ದೆ ನ್ಸೀಮಾವನ್ನು ಚಮಚದಲ್ಲಿ ತಿನ್ನುತ್ತೀಯಂತೆ, ಚಹಾ ಬೇಡ ಅನ್ನುವ ದೇವರು ನಿಮಗೆ ಎಲ್ಲಿ ಸಿಕ್ಕಿದ ಎಂದೆಲ್ಲ. ಮೂರು ಗಂಟೆಗೆ ಡೆಲ್ಮರ್ ಗಡಿಯಾರ ನೋಡಿದರು. ಎದ್ದು ಕೈಕುಲುಕಿ ಗಾಡಿ ಹತ್ತಿದೆವು. ಅಜ್ಜಿ ಒಳಗೆ ಹೋಗಿ ಒಳ್ಳೆಯ ಚಿತೆಂಜೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಬರುವಷ್ಟರಲ್ಲಿ ನಾವು ಮುಂದಿನ ತಿರುವಿನಲ್ಲಿದ್ದೆವು. ಹಿಂದಿನ ಗಾಜಿನಲ್ಲಿ ನೋಡಿದೆ. ಧೂಳಿನ ನಡುವೆ ಅಜ್ಜಿ ಚಿತೆಂಜೆಯ ಗಂಟಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದಳು. ಅಕ್ಕಪಕ್ಕದ ಮೂರು ಅಂಗಳದವರು ಒನಕೆ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

ಮರುದಿನ ಓದಿನ ತರಗತಿಗೆ ಹನ್ನೆರಡು ಹೆಂಗಸರ ಬದಲು ಒಬ್ಬಳು ಬಂದಳು. ಅವಳು ನನ್ನ ಹೆಂಡತಿ. ಅದರ ಮುಂದಿನ ಬುಧವಾರವೂ ಅಷ್ಟೇ.

"ಮೇಷ್ಟ್ರೇ, ನಾನೇನು ತಪ್ಪು ಮಾಡಿದೆ?" ಲರೇನಮ್ಮ ಕೇಳಿದರು.

"ನೀವು ಹೊರಟುಹೋದ್ರಿ."

"ಹೊರಡಲೇಬೇಕಲ್ಲ?"

ಹೇಳಿದೆ. ನಮ್ಮಲ್ಲಿ ಬಂದವರನ್ನು ಬಾಗಿಲಲ್ಲಿ ಬಿಡುವುದಿಲ್ಲ. ಜೊತೆಗೆ ಒಂದಿಷ್ಟು ದೂರ ನಡೆದು ಕಳಿಸಿ ಬರಬೇಕು. ನಿಜವಾದ ಮಾತೆಲ್ಲ ಆ ದಾರಿಯಲ್ಲೇ ನಡೆಯುವುದು. ಕಳಿಸಲಿಕ್ಕೆ ಬಿಡದೆ ಹೋದವರು ಈ ಮನೆಯ ಸಹವಾಸ ಸಾಕು ಅಂದಂತೆ. ಇಷ್ಟು ದಿನ ಹೊಸಬರೆಂದು ಎಲ್ಲರೂ ಬಿಟ್ಟಿದ್ದರು, ಈ ಸಲ ಕಳಿಸಲು ಹೊರಬಂದ ಫಲೇಸಿ ಅಜ್ಜಿಯನ್ನು ಮೂರು ಅಂಗಳದವರು ನೋಡಿದ್ದರು. ಅವಳಿಗೇ ಹಾಗಾಯಿತೆಂದರೆ ಉಳಿದವರು ಬರುವುದು ಹೇಗೆ?

"ಆರು ತಿಂಗಳಾಯ್ತು ನಾವು ಬಂದು. ಒಂದು ಮಾತು ಹೇಳಬಾರದಾ?"

"ಉಸಿರಾಡಿ ಅಂತ ಯಾರಾದ್ರೂ ಹೇಳಿಕೊಡ್ತಾರಾ ಅಮ್ಮಾ?"

ಲರೇನಮ್ಮ ಸೀಮೆಸುಣ್ಣ ಕೆಳಗಿಟ್ಟರು. "ಈ ಊರಲ್ಲಿ ಎಲ್ಲರೂ ನನಗೆ ಕುರ್ಚಿ ಹಾಕಿ, ಫಾಂಟಾ ಕೊಟ್ಟು, ಹೌದು ಹೌದು ಅಂತಾರೆ. ನನ್ನನ್ನು ಬೈಯೋದು ಅವರೊಬ್ಬರೇ. ಐಡಹೊದಲ್ಲಿ ನನ್ನ ಅಕ್ಕ ಹಾಗೆ ಬೈತಾ ಇದ್ದಳು. ಅವರು ಮತ್ತೆ ಮಾತಾಡಬೇಕು ಮೇಷ್ಟ್ರೇ. ತರಗತಿ ಹಾಳಾಗಿ ಹೋಗಲಿ."

ಡೆಲ್ಮರ್ ಬಾಗಿಲಲ್ಲೇ ನಿಂತಿದ್ದರು. ಕೆಟ್ಟಿದ್ದು ಯಾವುದನ್ನು ಕಂಡರೂ ಅವರಿಗೆ ಸ್ಪ್ಯಾನರ್ ನೆನಪಾಗುತ್ತದೆ. "ಇದೇನು ಮಹಾ," ಅಂದರು. "ಕಳಿಸೋಕೆ ಬರೋರನ್ನೂ ಗಾಡಿಗೆ ಹತ್ತಿಸಿಕೊಳ್ಳೋಣ. ಮುಂದಿನ ಮನೆವರೆಗೂ ಬರ್ತಾರೆ, ಆಮೇಲೆ ಬಿಟ್ಟು ಬಂದರಾಯ್ತು."

ಮುಂದಿನ ಮಂಗಳವಾರ ಮೊದಲ ಮನೆಯ ಜೈಲೋಸಿ ದಂಪತಿ ಖುಷಿಯಿಂದ ಪಿಕಪ್ಪಿನ ಹಿಂದೆ ಹತ್ತಿದರು. ಎರಡನೇ ಮನೆಯವರಿಗೆ ಈಗ ಐದು ಜನ ನೆಂಟರು. ಐವರಿಗೂ ಜೋಳದ ಸಿಹಿಗಂಜಿ ಥೋಬ್ವಾ ಕೊಡದೆ ಬಿಟ್ಟಾರೆಯೇ? ಕುಡಿದಾದ ಮೇಲೆ ಆ ಮನೆಯವರೂ ಹತ್ತಿದರು. ಐದನೇ ಮನೆ ದಾಟುವ ಹೊತ್ತಿಗೆ ಹಿಂದೆ ಹನ್ನೊಂದು ಜನ, ಒಂದು ಹೇಂಟೆ, ಮೂರು ದನಿಯಲ್ಲಿ ಒಂದು ಕೀರ್ತನೆ. ಡೆಲ್ಮರ್ ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು.

ಫಲೇಸಿ ಅಜ್ಜಿ ಬಾಗಿಲಿಗೆ ಬಂದು ಈ ಮೆರವಣಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಮೇಷ್ಟ್ರೇ, ಇದು ಕಳಿಸಿಕೊಡೋದಾ, ಇಲ್ಲ ಮೂಟೆ ಹೇರಿಕೊಂಡು ಗಿರಣಿಗೆ ಹೋಗೋದಾ? ಕಾಲು ಕೊಟ್ಟಿದ್ದು ದೇವರೇ ಅಲ್ವಾ, ಅದು ಅವರ ಪುಸ್ತಕದಲ್ಲಿ ಇಲ್ವಾ?" ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಅಜ್ಜಿಗೆ ಇವತ್ತು ಕೆಲಸ ಇದೆಯಂತೆ," ನಾನು ಅನುವಾದಿಸಿದೆ.

"ಅವರು ಹೇಳಿದ್ದು ಇದಕ್ಕಿಂತ ಉದ್ದ ಇತ್ತು," ಅಂದರು ಲರೇನಮ್ಮ.

ಹನ್ನೊಂದು ಜನರನ್ನು ಮನೆಮನೆಗೆ ಬಿಡಲು ಹೋದರೆ, ಬಾಗಿಲವರೆಗೆ ಬಂದು ಒಳಗೆ ಬರದೆ ಹೋಗುತ್ತೀರಾ ಎಂದು ಮತ್ತೆ ಥೋಬ್ವಾ. ಕತ್ತಲಾಗುವ ಹೊತ್ತಿಗೆ ಡೆಲ್ಮರ್ ಹೊಟ್ಟೆ ಹಿಡಿದುಕೊಂಡು, "ದನಗಳೇ ವಾಸಿ," ಅಂದರು. "ಅವು ಯಾರನ್ನೂ ಕಳಿಸೋಕೆ ಬರೋದಿಲ್ಲ."

ಸೋಮವಾರ ಬೆಳಿಗ್ಗೆ ಲರೇನಮ್ಮ ಬಟ್ಟೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಗಂಡನಿಗೆ ಬಕೆಟ್ಟು ತೋರಿಸಿ, ಟೋಪಿ ಹಾಕಿಕೊಂಡು ನಮ್ಮ ಮನೆಗೆ ಬಂದರು. "ನಡೀರಿ ಮೇಷ್ಟ್ರೇ. ಗಾಡಿ ಬೇಡ."

ಅಜ್ಜಿ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಕುರ್ಚಿ ತರಲಿಲ್ಲ. ಲರೇನಮ್ಮ ನನ್ನ ಹೆಗಲು ಹಿಡಿದು, ನೋವಿನ ಮಂಡಿಯನ್ನು ಕಂತು ಕಂತಾಗಿ ಮಡಿಸಿ, ಚಾಪೆಯ ಮೇಲೆ ಕೂತು ಸುಲಿಯತೊಡಗಿದರು. ಒಂದು ಗಂಟೆ ಬರೀ ಸಿಪ್ಪೆಯ ಸದ್ದು.

ಕೊನೆಗೆ ಅಜ್ಜಿ, "ಅರ್ಧ ಕಾಳು ಒಡೆದು ಹಾಕ್ತಿದ್ದಾಳೆ ಅಂತ ಹೇಳಿ," ಅಂದಳು.

ಹೇಳಿದೆ. ಲರೇನಮ್ಮನ ಮುಖ ಹಬ್ಬದಂತಾಯಿತು.

ಹೊರಟಾಗ ಅಜ್ಜಿ ಎದ್ದು ಚಿತೆಂಜೆ ಸುತ್ತಿ, ನಿಧಾನವಾಗಿ ಗಂಟು ಹಾಕಿದಳು. ಲರೇನಮ್ಮ ಆ ಗಂಟನ್ನೇ ನೋಡುತ್ತ ನಿಂತರು. ಮೂವರೂ ಹೊರಟೆವು. ದಾರಿಯ ಬದಿಯ ಒಂದು ಹುತ್ತದ ಹತ್ತಿರ ಅಜ್ಜಿ ನಿಂತಳು. ಅಲ್ಲಿಂದ ಅವಳು ಹಿಂತಿರುಗಬೇಕು, ನಾವು ಮುಂದೆ ಹೋಗಬೇಕು. ಲೋಕಕ್ಕೆಲ್ಲ ಗೊತ್ತಿರುವ ವಿಷಯ.

ಅಜ್ಜಿ ತಿರುಗಿದಳು. ಲರೇನಮ್ಮನೂ ತಿರುಗಿ ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿದರು.

"ಇವಳೇನು ಮಾಡ್ತಿದ್ದಾಳೆ?"

ಕೇಳಿ ಹೇಳಿದೆ. "ನಿಮ್ಮನ್ನ ಕಳಿಸಿ ಬರೋಕೆ ಬರ್ತಿದ್ದಾರೆ ಅಜ್ಜಿ."

"ನನ್ನ ಮನೆಗಾ?"

"ಹ್ಞೂಂ. ಒಬ್ಬರನ್ನೇ ದಾರಿಯಲ್ಲಿ ಬಿಡಬಾರದಂತೆ."

ಮನೆ ಬಾಗಿಲಿಗೆ ಬಂದಾಗ ಅಜ್ಜಿ ಪೇಚಿಗೆ ಸಿಕ್ಕಳು. ಅತಿಥಿ ಮತ್ತೆ ಅಂಗಳದಲ್ಲಿದ್ದಾಳೆ, ಮತ್ತೆ ಕಳಿಸಬೇಕು. ಹುತ್ತದವರೆಗೆ ಹೋದೆವು. ಲರೇನಮ್ಮ ಮತ್ತೆ ತಿರುಗಿದರು. ಬೇಡವೆಂದು ನಾನು ಹೇಳಬಹುದಿತ್ತು. ಅಜ್ಜಿ ಕಣ್ಣು ಮಿಟುಕಿಸಿದ್ದರಿಂದ ಹೇಳಲಿಲ್ಲ. ಮೂರನೇ ಸುತ್ತಿಗೆ ಬೀದಿಯಲ್ಲಿ ಒಂದು ಒನಕೆಯೂ ಕೆಲಸ ಮಾಡುತ್ತಿರಲಿಲ್ಲ.

"ಫಲೇಸಿ, ಆ ಬಿಳಿ ಹೆಂಗಸನ್ನ ಸಾಕಿಕೊಂಡೆಯಾ?" ಬೇಲಿಯಾಚೆಯಿಂದ ಒಬ್ಬಳು ಕೂಗಿದಳು.

"ನೀನು ನಿನ್ನ ಹಿಟ್ಟು ನೋಡ್ಕೋ," ಅಂದಳು ಅಜ್ಜಿ. ಆಮೇಲೆ ನಡುರಸ್ತೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು. ಯಾಕೆಂದು ತಿಳಿಯದಿದ್ದರೂ ಲರೇನಮ್ಮನೂ ನಕ್ಕರು.

"ಕೇಳಿ ಮೇಷ್ಟ್ರೇ, ಈ ಮೂರು ಬುಧವಾರ ಯಾರಿಗೆ ಪಾಠ ಮಾಡಿದಳಂತೆ?"

"ನಿಮ್ಮ ಹೆಂಡತಿಗೆ ಅಂತ ಹೇಳಿ," ಅಂದರು ಲರೇನಮ್ಮ.

"ಅವಳಿಗೆ ಓದು ಬರುತ್ತಲ್ಲ," ಅಂದಳು ಅಜ್ಜಿ.

"ಗೊತ್ತು. ನನ್ನ ತಪ್ಪನ್ನೆಲ್ಲ ತಿದ್ದಿದರು."

"ನಾಡಿದ್ದು ನಾವೆಲ್ಲ ಬರ್ತೀವಿ ಅಂತ ಹೇಳಿ. ಗಂಟೆ ನೋಡಿ ಶುರು ಮಾಡಬೇಡ ಅಂತಲೂ ಹೇಳಿ. ಬರೋರೆಲ್ಲ ಬಂದ ಮೇಲೆ ಶುರು."

ಲರೇನಮ್ಮ ಒಪ್ಪಿದರು. ಈ ಸಲ ಅಜ್ಜಿ ಹುತ್ತದ ಹತ್ತಿರ ನಿಲ್ಲಲಿಲ್ಲ. ಸುಮ್ಮನೆ ದಾಟಿ ಮುಂದೆ ನಡೆದಳು. ನನ್ನ ಕಾಲು ಬಿದ್ದುಹೋಗಿತ್ತು, ನನ್ನನ್ನು ಯಾರೂ ಕೇಳಲಿಲ್ಲ. ಹೊಗೆಸೊಪ್ಪಿನ ಹೊಲದ ಅಂಚಿನಲ್ಲಿ ಅಜ್ಜಿ ತಲೆಯೆತ್ತಿ ಸೂರ್ಯನನ್ನು ನೋಡಿದಳು.

"ಊಟದ ಹೊತ್ತು ಮೀರಿತು. ನಿನ್ನ ಗಂಡ ಹಸಿದುಕೊಂಡಿರ್ತಾನೆ, ಹೋಗು."

ದಾಟಿಸಿದೆ. ಲರೇನಮ್ಮ ಟೋಪಿ ಸರಿಮಾಡಿಕೊಂಡರು. "ಬ್ರೆಡ್ ಎಲ್ಲಿದೆ ಅಂತ ಅವರಿಗೆ ಗೊತ್ತು."

ಅಜ್ಜಿ ಅದನ್ನು ಕೇಳಿ ಚಿತೆಂಜೆಯ ಗಂಟು ಬಿಗಿಮಾಡಿಕೊಂಡಳು.

"ಹಾಗಾದ್ರೆ ಇನ್ನೊಂದಿಷ್ಟು ದೂರ ನಡಿ."