ಒಂದೇ ಒಂದು ಗುಟುಕು

ಗಂಜಿಯ ಮೇಲೆ ಕೆನೆ ಕಟ್ಟುತ್ತಿದೆ, ಚಮಚದಲ್ಲಿ ಸರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ, ಎಷ್ಟು ತೆಳ್ಳಗೆ ಕಾಯಿಸಿದರೂ ರಾಗಿ ಗಟ್ಟಿಯಾಗುತ್ತದಲ್ಲ ಎಂದು ಗುರುಶಾಂತಮ್ಮನಿಗೆ ಬೇಸರ, ಏನೂಂದ್ರೆ, ಒಂದೇ ಒಂದು ಗುಟುಕು, ಗಂಡ ಶಂಭುಲಿಂಗಯ್ಯನವರು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದರು, ಎರಡು ಮುದ್ದೆ ಹುರುಳಿಸಾರಿನಲ್ಲಿ ನುಂಗಿ ಇನ್ನರ್ಧ ಇಕ್ಕು ಅನ್ನುತ್ತಿದ್ದವರು, ಅಟ್ಟ ಹತ್ತಿ ಕೊಬ್ಬರಿಯಾಯಿತೇ ಎಂದು ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ ಆ ತೋಳುಗಳು ಎಲ್ಲಿ ಹೋದವು, ಹೊಟ್ಟೆಯ ಗಡ್ಡೆ ಇವರನ್ನೇ ತಿಂದು ಬೆಳೆಯುತ್ತಿದೆ, ಎದೆಯ ಹಳ್ಳದಲ್ಲಿ ಲಿಂಗದ ಕರಡಿಗೆಯೊಂದೇ ದೊಡ್ಡದಾಗಿ ಕಾಣುತ್ತದೆ — ಬೆಂಗಳೂರಿನ ಡಾಕ್ಟರು ಹೇಳಿದರು, ಕೊಯ್ಯುವ ಹಂತ ದಾಟಿದೆಯಮ್ಮ, ಊರಿಗೆ ಕರಕೊಂಡು ಹೋಗಿ, ಕೇಳಿದ್ದು ಕೊಡಿ, ಬಲವಂತ ಮಾತ್ರ ಬೇಡ, ಆದರೆ ಇವರು ಏನನ್ನೂ ಕೇಳುವುದಿಲ್ಲವಲ್ಲ, ಕೊಡದೆ ಕೂತರೆ ಹಾಲ್ಕುರಿಕೆಯಿಂದ ಬಂದ ಇವರ ಅಕ್ಕ ವಿಮಲಮ್ಮ ಬಾಗಿಲಲ್ಲೇ ನಿಂತು ಅಂದರು, ಹೊಟ್ಟೆಗಿಕ್ಕದೆ ಕೊಲ್ತಾ ಇದೀಯ ಕಣೇ ನನ್ ತಮ್ಮನ್ನ, ಹಾರ್ಲಿಕ್ಸ್ ತಂದಿವ್ನಿ, ಕುಡ್ಸು, ಕುಡಿಸಿದಳು, ಹಾಲು, ಎಳನೀರು, ಎಲ್ಲ ಬೇಸನ್ನಿಗೆ ಹಸಿರಾಗಿ ವಾಪಸು ಬಂತು — ಈಗಲೂ ನುಂಗಿದರು, ಹಣೆಯಲ್ಲಿ ಬೆವರು, ಕಣ್ಣಂಚಿನಲ್ಲಿ ನೀರು, ಎರಡನೆಯ ಚಮಚಕ್ಕೆ ಅವಳ ಮಣಿಕಟ್ಟು ಹಿಡಿದರು, ಆ ಹಿಡಿತಕ್ಕೆ ತೂಕವೇ ಇಲ್ಲ, ಸಾಕು ಬುಡು ಕಣೇ, ನೀನು ಅಳ್ತೀಯ ಅಂತ ನುಂಗ್ತಿದ್ದೆ, ಒಳಗೆ ಕೆಂಡ ಇಳಿದಂಗಾಯ್ತದೆ — ಅಂದರೆ ಇಷ್ಟು ದಿನ, ಬೆಳಿಗ್ಗೆ, ಸಂಜೆ, ಬದುಕಿಸುತ್ತೇನೆಂದು ತಾನು ಇಕ್ಕಿದ್ದು ಕೆಂಡವೇ, ಇವರು ನುಂಗಿದ್ದು ತನಗೋಸ್ಕರವೇ, ಬಟ್ಟಲು ಕೆಳಗಿಟ್ಟಳು, ಬಾಗಿಲಲ್ಲಿ ವಿಮಲಮ್ಮ ಏನೋ ಅನ್ನಹೊರಟು ಸೆರಗನ್ನು ಬಾಯಿಗೊತ್ತಿಕೊಂಡರು, ಒದ್ದೆ ಬಟ್ಟೆಯಿಂದ ಇವರ ತುಟಿ ಒರೆಸಿದಳು, ತುಟಿಯ ಸಿಪ್ಪೆ ಬಟ್ಟೆಗೇ ಬಂತು, ಇನ್ನೇನು ಕೊಡ್ಲಿ ಎಂದು ಯಾವ ಬಾಯಿಂದ ಕೇಳಿದಳೋ, ಇವರ ಬೆರಳು ಬಟ್ಟಲ ಕಡೆ ತಿರುಗಿತು, ನೀನು ಕುಡಿ, ನಿನ್ನೆಯಿಂದ ಉಂಡಿಲ್ಲ ನೀನು, ನಾನು ನೋಡ್ತೀನಿ — ಇವರ ಎದುರಿಗೆ, ಇವರದೇ ಗಂಜಿ, ಹೇಗೆ, ಆದರೆ ಹಾಸಿಗೆ ಹಿಡಿದ ಮೇಲೆ ಬಾಯಿಬಿಟ್ಟು ಬೇಕೆಂದದ್ದು ಇದೊಂದೇ, ಬಟ್ಟಲೆತ್ತಿದಳು, ತಣ್ಣಗೆ, ಉಪ್ಪುಪ್ಪಾಗಿ ಇಳಿಯಿತು, ಇಷ್ಟೊಂದು ಹಸಿವು ಎಲ್ಲಿ ಅಡಗಿತ್ತು, ನಾಚಿಕೆಯಾಗುವಂಥ ಹಸಿವು, ಮತ್ತೊಂದು ಗುಟುಕು, ಮತ್ತೊಂದು, ತಲೆಯೆತ್ತಿದರೆ ಇವರು ಅವಳ ಕತ್ತನ್ನೇ ನೋಡುತ್ತಿದ್ದಾರೆ, ಅವಳು ನುಂಗಿದಂತೆಲ್ಲ ಇವರ ಖಾಲಿ ಗಂಟಲು ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ