ಜಲಾಂತರ್ಗಾಮಿಗೆ ಒಡೆದ ಕಾಯಿ

ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಶೈಲಶ್ರೀಯನ್ನು ಎತ್ತಿ ಆಡಿಸಿ ಬೆಳೆಸಿದವಳು ಬ್ಯಾಡಗಿಯ ಗದಿಗೆವ್ವ. ಆ ಹುಡುಗಿ ಈಗ ಇಂಜಿನಿಯರ್ ಆಗಿ, ರಾಣೆಬೆನ್ನೂರಿನಲ್ಲಿ ಫೈಬರ್ ನೀರಿನ ಟಾಕಿ ಮಾಡುವ ಶೆಡ್ಡಿನೊಳಗೆ ಜಲಾಂತರ್ಗಾಮಿಯ ಮೈ ಕಟ್ಟುತ್ತಿದ್ದಳು. ಸಮುದ್ರದ ಗಾಳಿಯೂ ಸೋಕದ ಊರಲ್ಲಿ ಇದೆಂಥ ಹುಚ್ಚು ಎಂದು ಗದಿಗೆವ್ವ ಮೊದಮೊದಲು ಗೊಣಗಿದಳು. ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆಕರೆದು ತೋರಿಸತೊಡಗಿದಳು.

ಗಾಜಿನ ನೂಲನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಸುತ್ತಿ, ಕಾಯಿಸಿ ಗಟ್ಟಿ ಮಾಡಿದ ದೊಡ್ಡ ಪೀಪಾಯಿ ಅದು. ಒಳಗೆ ಒಬ್ಬರು ಕೂರುವಷ್ಟು ಜಾಗ. ಉಕ್ಕಿಗಿಂತ ಎಷ್ಟೋ ಹಗುರ, ಆದರೂ ಆಳದ ನೀರಿನ ಒತ್ತಡ ತಡೆಯಬೇಕು. ಇಂದು ಅದು ಲಾರಿ ಹತ್ತಿ ಕಾರವಾರಕ್ಕೆ ಹೊರಡುವುದಿತ್ತು.

ಹೊಸ ಪಂಪ್‌ಸೆಟ್ಟಿಗೂ ಕಾಯಿ ಒಡೆಯುವ ಮನೆತನ ಇವರದು. ಶೈಲಶ್ರೀಗೆ ಮಾತ್ರ ಇಂಥವೆಲ್ಲ ಸೇರವು. ಅವಳು ಲಾರಿಯವನ ಹತ್ತಿರ ಹೋದದ್ದೇ ತಡ, ಗದಿಗೆವ್ವ ಪೀಪಾಯಿಗೆ ಕುಂಕುಮ ಹಚ್ಚಿದಳು. ಸುತ್ತಮುತ್ತ ಕಲ್ಲು ಕಾಣಲಿಲ್ಲ. ಇದೇ ಇಷ್ಟು ಗಟ್ಟಿ ಇದೆಯಲ್ಲ ಎಂದು ಪೀಪಾಯಿಯ ಮೇಲೇ ಕಾಯಿ ಕುಕ್ಕಿದಳು. ಹಾಳು ಕಾಯಿ ಒಂದೇ ಏಟಿಗೆ ಒಡೆಯಬಾರದೇ? ಮತ್ತೆ ಮತ್ತೆ ಕುಕ್ಕಬೇಕಾಯಿತು. ಪೀಪಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕುಂಕುಮ, ನೀರು ಎಲ್ಲ ಸೆರಗಿನಿಂದ ಒರೆಸಿ ಏನೂ ಅರಿಯದವಳಂತೆ ನಿಂತಳು.

ಶೈಲಶ್ರೀ ಶೆಡ್ಡಿನ ಕೆಲಸಗಾರ ಜಹಾಂಗೀರನೊಡನೆ ಒಳಗೆ ಬಂದಳು.

"ಇದನ್ನ ಸಮುದ್ರಕ್ಕ ಖಾಲೀನ ಇಳಸ್ತಾರೇನವಾ?" ಎಂದು ಗದಿಗೆವ್ವ ಕೇಳಿದಳು.

"ಮೊದಲ ಖಾಲಿ. ಆಮ್ಯಾಲೆ ನಾನ ಕುಂತು ಇಳಿಯಾಕಿ. ಕಟ್ಟಿದಾಕಿನ ಕುಂದರದಿದ್ರ ಮಂದಿ ಯಾಕ ಕುಂದರತಾರ, ದೊಡ್ಡವ್ವ?"

ಗದಿಗೆವ್ವ ಅವಳ ತೋಳು ಹಿಡಿದುಕೊಂಡಳು. ಬೈಸಿಕೊಳ್ಳುವ ಭಯ ಎಲ್ಲಿಗೆ ಹೋಯಿತೋ! "ಯವ್ವಾ, ನಾ ಅದರ ಮ್ಯಾಲ ಕಾಯಿ ಒಡದೇನಿ" ಎಂದುಬಿಟ್ಟಳು.

ಹುಡುಗಿ ಪೀಪಾಯಿಯ ಕಡೆ ಓಡಿದಳು. ನಾಣ್ಯವೊಂದನ್ನು ತೆಗೆದುಕೊಂಡು ಪೀಪಾಯಿಯ ಮೈಯುದ್ದಕ್ಕೂ ಬಡಿಯುತ್ತ ಬಂದಳು. ಟಣ್, ಟಣ್ ಎನ್ನುತ್ತಿದ್ದದ್ದು ಕಾಯಿ ಬಿದ್ದ ಜಾಗದಲ್ಲಿ ಡಬ್ ಎಂದಿತು.

"ಕಬ್ಬಿಣಾಗಿದ್ರ ತಗ್ಗು ಬಿದ್ದು ಕಾಣತಿತ್ತು. ಇದರಾಗ ಒಳಗಿಂದೊಳಗ ಪದರ ಬಿಟ್ಟಾವು. ಒಂದ ಸಲ ತಡೀತೈತಿ, ಇನ್ನೊಂದ ಸಲ ಆಳದಾಗ ಒಡೀತೈತಿ." ಅವಳು ಜಹಾಂಗೀರನ ಕಡೆ ತಿರುಗಿದಳು. "ಜಹಾಂಗೀರಣ್ಣ, ಲಾರಿ ವಾಪಸ್ ಕಳಸು."

ವರ್ಷದ ದುಡಿಮೆ ಮಣ್ಣುಪಾಲಾಗಿತ್ತು. ಶೈಲಶ್ರೀ ಕೈಯಲ್ಲಿದ್ದ ನಾಣ್ಯವನ್ನು ಬೀಸಿ ಒಗೆದಳು. ದೊಡ್ಡವ್ವನ ಕಡೆ ನೋಡಲೂ ಇಲ್ಲ. ಗದಿಗೆವ್ವ ಗೋಡೆ ಹಿಡಿದು ಕುಸಿದು ಅಳತೊಡಗಿದಳು. ಎಷ್ಟೋ ಹೊತ್ತಿಗೆ ಹುಡುಗಿ ಬಂದು ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದಳು.

"ಅಳಬ್ಯಾಡ. ನೀ ಬಾಯಿ ಮುಚ್ಚಿಕೊಂಡಿದ್ರ ನಾ ತಿರುಗಿ ಬರತಿದ್ದಿಲ್ಲ. ಮತ್ತ ಕಟ್ಟತೇನಿ, ಬಿಡು."

"ಅದರಾಗೂ ನೀನ ಕುಂದರಾಕೇನು?"

"ಹೂಂ, ನಾನ."

ಗದಿಗೆವ್ವ ಮೂಗೊರೆಸಿಕೊಂಡು ಪೀಪಾಯಿಯ ಕಡೆ ದಿಟ್ಟಿಸಿದಳು.

"ಹಂಗಾರ ಇಬ್ಬರು ಹಿಡಿಯೂ ಹಂಗ ಕಟ್ಟು" ಎಂದಳು. "ನಾನೂ ಬರತೇನಿ."